ಆಯುಧಪೂಜೆಗೆ ಬಂದ ನಾಲ್ಕು ಚಕ್ರ

ಈ ಸಲ ಆಯುಧಪೂಜೆ ಮಾಡೋಣವೇ ಎಂದು ಮನೋರಮಾ ಕೇಳಿದಾಗ ಜಗನ್ನಾಥ ಕಾಫಿ ಲೋಟವನ್ನು ಕೆಳಗಿಟ್ಟು, ತನ್ನ ಕಿವಿಯನ್ನೇ ನಂಬದವನಂತೆ ಅವಳ ಮುಖ ನೋಡಿದ. ಎರಡು ವರ್ಷದಿಂದ ಆ ಮನೆಯಲ್ಲಿ ಯುಗಾದಿಯಿಲ್ಲ, ಗೌರಿಯಿಲ್ಲ. ದೀಪಾವಳಿ ಬಂತೆಂದರೆ ಬಾಗಿಲು, ಕಿಟಕಿ ಎಲ್ಲ ಹಾಕಿಕೊಂಡು ಒಳಗೆ ಕೂತುಬಿಡುತ್ತಿದ್ದರು. ದೆಹಲಿಯ ಮಯೂರ್ ವಿಹಾರದ ಆ ಹೌಸಿಂಗ್ ಸೊಸೈಟಿಯಲ್ಲಿ ಕನ್ನಡದವರ ಮನೆ ಎಂಟೋ ಒಂಬತ್ತೋ ಇದ್ದವು. ಮಗ ಹೋದ ಮನೆ ಎಂದು ಅವರಿಗೆಲ್ಲ ಗೊತ್ತಿತ್ತು. ಮೊದಮೊದಲು ಅರಿಸಿನ ಕುಂಕುಮಕ್ಕೆ ಕರೆಯಲು ಬರುತ್ತಿದ್ದ ಎದುರುಮನೆಯ ವೈಜಯಂತಿಯೂ ಆಮೇಲೆ ಬರುವುದನ್ನು ಬಿಟ್ಟಿದ್ದಳು. ಈಗ ಇವಳಾಗಿಯೇ ಹಬ್ಬದ ಮಾತೆತ್ತಿದ್ದಾಳೆ. ಜಗನ್ನಾಥ ಆಗಲಿ ಎಂದ. ಎರಡನೇ ಸಲವೂ ಆಗಲಿ ಎಂದ.

ಆದರೆ ಪೂಜೆಗೆ ಇಡುವುದೇನನ್ನು? ಈ ಪ್ರಶ್ನೆಯನ್ನೂ ಅವಳೇ ಕೇಳಿದಳು. ಮೊದಲೆಲ್ಲ ಇಡುತ್ತಿದ್ದದ್ದು ಮಗ ಚರಣನ ಬೈಕು. ಅವನು ಅದನ್ನು ಲಿಫ್ಟಿನಲ್ಲಿ ತುರುಕಿಕೊಂಡು ಮೂರನೇ ಮಹಡಿಗೇ ತಂದು, ಮಮ್ಮಿ, ಇದಕ್ಕೂ ಜರಾ ಕುಂಕುಮ ಹಚ್ಚು ಎಂದು ಗಲಾಟೆ ಮಾಡುತ್ತಿದ್ದ. ದೆಹಲಿಯಲ್ಲಿ ಹುಟ್ಟಿ ಬೆಳೆದ ಹುಡುಗ, ಅರ್ಧ ವಾಕ್ಯ ಕನ್ನಡ, ಅರ್ಧ ಹಿಂದಿ. ಆ ಬೈಕಿನ ಹಿಂದಿನ ಟೈರು ಆಗ್ರಾ ರಸ್ತೆಯಲ್ಲಿ ಪಲ್ವಲ್ ದಾಟಿದ ಮೇಲೆ ಒಡೆದದ್ದು, ಹಿಂದಿನಿಂದ ಲಾರಿ ಬಂದದ್ದು ಎರಡು ಸಾವಿರದ ಐದರ ಆಗಸ್ಟಿನಲ್ಲಿ. ಆಗ ಅವನಿಗೆ ಇಪ್ಪತ್ತೊಂದು ತುಂಬಿತ್ತಷ್ಟೆ.

ಆ ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಚರಣ್ ಟೈರು ಸವೆದಿದೆಯೇನೋ ನೋಡು ಪಪ್ಪಾ ಎಂದು ಕೇಳಿದ್ದ. ಜಗನ್ನಾಥ ಬಗ್ಗಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಸರಿಯಾಗಿದೆ, ಇನ್ನೂ ಸಾವಿರ ಕಿಲೋಮೀಟರ್ ಓಡುತ್ತೆ, ಹೋಗಿ ಬಾ ಎಂದಿದ್ದ. ಟಿಫಿನ್ ಡಬ್ಬಿ ಕೊಡಲು ಕೆಳಗಿಳಿದು ಬಂದಿದ್ದ ಮನೋರಮಾ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡಿದ್ದಳು. ಎರಡು ವರ್ಷದಲ್ಲಿ ಒಂದು ದಿನವೂ ಅವಳು ಆ ಮಾತೆತ್ತಲಿಲ್ಲ. ಬೈಯಲಿಲ್ಲ, ಹಂಗಿಸಲಿಲ್ಲ, ಕಣ್ಣೆದುರು ಅಳಲೂ ಇಲ್ಲ. ಸಾರು ಬಡಿಸಿದಳು, ಬಟ್ಟೆ ಮಡಚಿಟ್ಟಳು, ಬೇಕಾದಷ್ಟೇ ಮಾತಾಡಿದಳು. ಇವತ್ತು ಅಂದಾಳು, ನಾಳೆ ಅಂದಾಳು ಎಂದು ಜಗನ್ನಾಥ ಕಾದದ್ದೇ ಬಂತು. ಅಂದುಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಎಷ್ಟೋ ಸಲ ಅನಿಸಿತ್ತು.

ಸರಿ, ಪೂಜೆಗೆ ಏನಿಡುವುದು ಎಂದು ಅವಳು ಕೇಳಿದಾಗ ಅವನ ಬಾಯಿಂದ ಥಟ್ಟನೆ ಬಂದದ್ದು, ಚಕ್ರಗಳನ್ನು ತರುತ್ತೇನೆ ಎಂಬ ಮಾತು.

ಆ ಚಕ್ರಗಳ ವಿಷಯ ಹೇಳಬೇಕು. ಜಗನ್ನಾಥ ಮೂವತ್ತೊಂದು ವರ್ಷ ಕೇಂದ್ರ ಸರ್ಕಾರದ ಪ್ರಯೋಗಾಲಯವೊಂದರಲ್ಲಿ ಲೋಹ ಪರೀಕ್ಷೆ ಮಾಡಿದವನು. ಚರಣ್ ತನ್ನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗರನ್ನು ಕಟ್ಟಿಕೊಂಡು ರೇಸ್ ಕಾರು ಮಾಡಲು ಹೊರಟವನು. ಊಟದ ಮೇಜಿನ ಮೇಲೆ ಅಪ್ಪ ಮಗನ ಮಾತೆಲ್ಲ ಅದೇ. ಕಾರು ಜೋರಾಗಿ ಓಡಬೇಕಾದರೆ ಚಕ್ರ ಹಗುರಾಗಬೇಕು, ಹಗುರಾಗಬೇಕಾದರೆ ಮೆಗ್ನೀಸಿಯಂನಲ್ಲಿ ಮಾಡಬೇಕು, ಅದು ಅಲ್ಯೂಮಿನಿಯಮ್ಮಿನ ಮೂರರಲ್ಲಿ ಎರಡು ಪಾಲು ತೂಕ. ದುಬಾರಿ ಸ್ಪೋರ್ಟ್ಸ್ ಕಾರುಗಳಿಗೆ ವಿದೇಶದಲ್ಲಿ ಮಾಡುವುದನ್ನು ನಾವು ಇಲ್ಲೇ ಯಾಕೆ ಮಾಡಬಾರದು ಎಂದು ಚರಣನ ಹಟ. ಏಳು ಕಡ್ಡಿಯ ಒಂದು ಚಕ್ರದ ಚಿತ್ರ ಬರೆದು, ಅಳತೆಗಳನ್ನೆಲ್ಲ ತುಂಬಿ ಅಪ್ಪನ ಕೈಗೆ ಕೊಟ್ಟಿದ್ದ. ಅವನು ಹೋದ ಮೂರನೇ ತಿಂಗಳಿಗೆ ಜಗನ್ನಾಥ ಸ್ವಯಂನಿವೃತ್ತಿ ತೆಗೆದುಕೊಂಡ. ಅದೇ ಪ್ರಯೋಗಾಲಯದಿಂದ ನಿವೃತ್ತನಾಗಿದ್ದ ಗೆಳೆಯ ನಾರಾಯಣಸ್ವಾಮಿಯ ಜೊತೆ ಸೇರಿ ಘಾಜಿಯಾಬಾದಿನಲ್ಲಿ ಒಂದು ಶೆಡ್ಡು ಹಿಡಿದ. ಆ ಚಿತ್ರವನ್ನು ಗೋಡೆಗೆ ಅಂಟಿಸಿದ. ಹುಚ್ಚು ಎಂದವರು ಬಹಳ ಜನ. ಹುಚ್ಚೇ ಇರಬೇಕು. ಮಗನ ಟೈರಿಗೆ ಸರಿಯಾಗಿ ಕಣ್ಣು ಹಾಯಿಸದವನು ಅವನ ಚಕ್ರಕ್ಕೆ ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕೂತ ಎಂದರೆ ಇನ್ನೇನು ಹೇಳುವುದು?

ಎರಡು ವರ್ಷಕ್ಕೆ ನಾಲ್ಕು ಚಕ್ರ ಆದವು. ಎಷ್ಟು ಲೋಹದ ಗಟ್ಟಿಗಳು ಬಿರುಕು ಬಿಟ್ಟವೋ, ಎಷ್ಟು ಸಲ ಮೊದಲಿನಿಂದ ಶುರು ಮಾಡಿದರೋ, ಅದು ಅವರಿಬ್ಬರಿಗೇ ಗೊತ್ತು. ಕೊನೆಗೂ ಹೊರದೇಶದ ಸ್ಪೋರ್ಟ್ಸ್ ಕಾರು ಕಂಪನಿಯೊಂದರ ಇಂಜಿನಿಯರ್ ನೋಡಲು ಬರುತ್ತೇನೆ ಎಂದ. ದಸರೆಯ ಮಾರನೆಯ ಸೋಮವಾರ ಬಂದು, ಇಲ್ಲಿಂದ ಆ ವಾರವೇ ಚೀನಾದವರ ಚಕ್ರ ನೋಡಲು ಹೋಗುವವನು. ಯಾರ ಚಕ್ರ ಮನಸ್ಸಿಗೆ ಬಂತೋ ಅವರದನ್ನು ತೆಗೆದುಕೊಳ್ಳುತ್ತಾನೆ. ಇಂಥವೇ ಇನ್ನು ನಾಲ್ಕು ಮಾಡಬೇಕೆಂದರೆ ಇವರಿಗೆ ಮತ್ತೆ ಎಂಟು ತಿಂಗಳು ಬೇಕು. ಲೋಹವನ್ನು ತಾನೇ ಪರೀಕ್ಷಿಸಬೇಕು, ಅದಕ್ಕೆ ಬಣ್ಣ, ಲೇಪ ಏನೂ ಹಚ್ಚಬೇಡಿ ಎಂದು ಅವನು ಬರೆದಿದ್ದ. ಹಾಗಾಗಿ ನಾಲ್ಕೂ ಬರಿಮೈಯಲ್ಲಿದ್ದವು. ಮೆಗ್ನೀಸಿಯಂ ಬರಿಮೈಯಲ್ಲಿದ್ದರೆ ಹಸುಗೂಸಿಗಿಂತ ಕಡೆ. ಬೆವರುಗೈ ಸೋಕಿದರೂ ಕಲೆ, ಉಪ್ಪು ಸೋಕಿದರೆ ತೂತು, ಹುಳಿ ಸೋಕಿದರಂತೂ ಲೋಹವೇ ಕರಗುತ್ತದೆ. ಎಣ್ಣೆ ಸವರಿ, ಕಾಗದ ಸುತ್ತಿ ಇಟ್ಟಿದ್ದರು. ಗ್ಲೌಸ್ ಇಲ್ಲದೆ ಮುಟ್ಟಬಾರದೆಂದು ಶೆಡ್ಡಿನ ಗೋಡೆಯ ಮೇಲೆ ಹಿಂದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದರು.

ಚಕ್ರ ಮನೆಗೆ ಒಯ್ಯುತ್ತೇನೆ ಎಂದಾಗ ನಾರಾಯಣಸ್ವಾಮಿ ಕೆಂಡವಾದ. ಪೂಜೆ ಇಲ್ಲೇ ಮಾಡು, ಮನೆಯವರನ್ನು ಇಲ್ಲಿಗೇ ಕರಕೊಂಡು ಬಾ, ಮೂರು ದಿನ ತಡೆದುಕೊಳ್ಳಲಾಗದೇ ನಿನಗೆ ಎಂದು ಕೂಗಾಡಿದ. ಜಗನ್ನಾಥ ಅವನಿಗೆ ಒಂದೇ ಮಾತು ಹೇಳಿದ. ಅವಳು ಎರಡು ವರ್ಷದ ಮೇಲೆ ಹಬ್ಬ ಅಂದಿದ್ದಾಳೆ. ನಾರಾಯಣಸ್ವಾಮಿಗೂ ಹೆಂಡತಿ ಮಕ್ಕಳಿದ್ದಾರಲ್ಲ, ಬಾಯಿ ಮುಚ್ಚಿಕೊಂಡು ತಾನೇ ಎತ್ತಿ ವ್ಯಾನಿನಲ್ಲಿಟ್ಟ.

ಶುಕ್ರವಾರ ಸಂಜೆ ಚಕ್ರಗಳು ಮನೆಗೆ ಬಂದವು. ಮನೋರಮಾ ಒಂದನ್ನು ಕಾಗದದ ಸಮೇತ ಎತ್ತಿ ನೋಡಿ, ಇಷ್ಟು ದೊಡ್ಡದು ಇಷ್ಟು ಹಗುರವೇ ಎಂದು ಬೆರಗಾದಳು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತಳು. ಕಾಗದ ಬಿಚ್ಚಬೇಡ, ನೀರು ಸೋಕಿಸಬೇಡ ಎಂಬ ಮಾತು ಜಗನ್ನಾಥನ ನಾಲಿಗೆಯ ತುದಿಗೆ ಬಂತು. ಮಗ ಬರೆದ ಚಕ್ರವನ್ನು ಅವನ ತಾಯಿ ಮಡಿಲಲ್ಲಿಟ್ಟುಕೊಂಡಾಗ ಮುಟ್ಟಬೇಡ ಎನ್ನುವುದು ಹೇಗೆ? ಅವನು ಹೇಳಲಿಲ್ಲ. ಶೆಡ್ಡಿನಲ್ಲಿ ಕಂಡಕಂಡವರಿಗೆಲ್ಲ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವನು ಮನೆಯಲ್ಲಿ ಒಂದು ಸಲ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದವನೇ ಹೂವು, ಬಾಳೆಕಂದು, ಬೂದುಗುಂಬಳ ತರಲು ಹೊರಟ. ದೆಹಲಿಯಲ್ಲಿ ಬೂದುಗುಂಬಳವೆಂದರೆ ಪೇಠಾ ಮಿಠಾಯಿ ಮಾಡುವ ಕಾಯಿ, ಬೀದಿಯ ತರಕಾರಿ ಭಯ್ಯಾನ ಗಾಡಿಯಲ್ಲಿ ಸಿಗುವುದಿಲ್ಲ. ಘಾಜಿಪುರದ ಮಂಡಿಗೇ ಹೋಗಬೇಕು. ಅಲ್ಲಿ ಒಬ್ಬ ವ್ಯಾಪಾರಿ, ಒಡೆಯುವುದಕ್ಕೆ ಒಯ್ಯುತ್ತೇನೆ ಎಂದರೆ ನಂಬದೆ ನಕ್ಕ. ಜಗನ್ನಾಥನೂ ನಕ್ಕ. ಚೆಂಡುಹೂವಿನ ಮಾಲೆ ಬೇಕಾದ್ದಕ್ಕಿಂತ ಹೆಚ್ಚೇ ಕೊಂಡ. ಬಸ್ಸು ಸಿಗಲಿಲ್ಲ, ಆಟೋದವನು ಬರುವುದಿಲ್ಲ ಎಂದ, ಅಂತೂ ಮನೆ ಮುಟ್ಟುವಾಗ ಮೂರು ತಾಸು ಕಳೆದಿತ್ತು.

ಬಾಗಿಲು ತೆರೆದೇ ಇತ್ತು. ಹೊಸ್ತಿಲಿಗೆ ರಂಗೋಲಿ ಬಿದ್ದಿತ್ತು. ಅಡಿಗೆಮನೆಯಿಂದ ಚಿತ್ರಾನ್ನದ ಒಗ್ಗರಣೆ ಘಮಘಮ ಎನ್ನುತ್ತಿತ್ತು. ಆ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಇತ್ತು. ಹುಣಸೆಹಣ್ಣು.

ಹಬ್ಬದ ಹಿಂದಿನ ದಿನವೋ ಹಬ್ಬದ ಬೆಳಿಗ್ಗೆಯೋ ಹುಣಸೆಹಣ್ಣು, ಉಪ್ಪು ಹಚ್ಚಿ ದೇವರ ಪಾತ್ರೆ ತಿಕ್ಕದ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ಮನೋರಮಾ ದೀಪದ ಕಂಬ, ಪಂಚಪಾತ್ರೆ, ಗಂಟೆ ಎಲ್ಲವನ್ನೂ ತಿಕ್ಕಿ ಫಳಫಳ ಮಾಡಿ ಸಾಲಾಗಿ ಇಟ್ಟಿದ್ದಳು. ಅವುಗಳ ಪಕ್ಕದಲ್ಲಿ, ಮಣೆಯ ಮೇಲೆ, ನಾಲ್ಕು ಚಕ್ರ. ಬಾಲ್ಕನಿಯಿಂದ ಬಂದ ಬಿಸಿಲಿಗೆ ಅವು ಬೆಳ್ಳಿಯ ಹಾಗೆ ಮಿನುಗುತ್ತಿದ್ದವು. ಇನ್ನೂ ಹಸಿಯಾಗಿದ್ದವು.

ಜಗನ್ನಾಥ ಕುಂಬಳಕಾಯಿಯನ್ನು ಕೆಳಗಿಟ್ಟು ಮಣೆಯ ಹತ್ತಿರ ಕುಕ್ಕರಿಸಿದ. ಕಡ್ಡಿ ಕಡ್ಡಿ ಸೇರುವ ಮೂಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ನಡುವಿನ ರಂಧ್ರದ ಅಂಚಿಗೆ ಬೆರಳು ಆಡಿಸಿದ. ಕೂದಲಿನ ಹತ್ತನೇ ಒಂದು ಪಾಲು ಹೆಚ್ಚುಕಡಿಮೆಯಾದರೂ ಚಕ್ರ ಅಚ್ಚಿಗೆ ಕೂರುವುದಿಲ್ಲ. ಅಲ್ಲಿ ತರಿತರಿಯಾಗಿತ್ತು, ಲೋಹ ತಿಂದುಹೋಗಿತ್ತು. ಮೂವತ್ತೊಂದು ವರ್ಷ ಲೋಹ ನೋಡಿದ ಕಣ್ಣಿಗೆ ಎರಡನೇ ಸಲ ನೋಡುವ ಅಗತ್ಯವಿರಲಿಲ್ಲ. ಎಲ್ಲ ಮುಗಿದುಹೋಗಿತ್ತು.

ಮನೋರಮಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಎಷ್ಟು ಎಣ್ಣೆ ಜಿಡ್ಡು ಹಿಡಿದಿತ್ತು, ನಿಮ್ಮ ನಾರಾಯಣಸ್ವಾಮಿಗೆ ಒಂದು ಸೀಗೆಪುಡಿ ಹಾಕಿ ತೊಳೆಯಲು ಆಗಲಿಲ್ಲವೇ ಎಂದು ಗೇಲಿ ಮಾಡಿದಳು. ಮೊದಲು ಮಂಕಾಗಿಯೇ ಇದ್ದವಂತೆ. ಹುಣಸೆಹಣ್ಣು ಹಾಕಿದ್ದೇ ತಡ ನೊರೆನೊರೆಯಾಗಿ ಕೊಳೆ ಬಿಟ್ಟಿತಂತೆ. ಅದಕ್ಕೇ ಕಂಚಿನ ಗಂಟೆಗೆ ಮಾಡುವ ಹಾಗೆ ಉಪ್ಪು ಸೇರಿಸಿ, ದಪ್ಪಗೆ ಮೆತ್ತಿ, ಒಂದು ತಾಸು ನೆನೆಯಲು ಬಿಟ್ಟಳಂತೆ. ಇಷ್ಟನ್ನೂ ಹೇಳುವಾಗ ಅವಳ ಮುಖ ಅರಳಿತ್ತು. ಎರಡು ವರ್ಷದಿಂದ ಒಂದೇ ಉಸಿರಿಗೆ ಇಷ್ಟು ಮಾತಾಡಿದವಳಲ್ಲ. ಆಮೇಲೆ ಅವಳು ಮೆಲ್ಲನೆ ಅವನ ಪಕ್ಕದಲ್ಲಿ ಕೂತು, ಚಕ್ರದ ಮೇಲೆ ಕೈಯಿಟ್ಟಳು.

"ಎಣ್ಣೆ ನೀರು ಹಾಕಿ ಅವನ ಬೆನ್ನು ತಿಕ್ಕಿದ ಹಾಗೇ ಆಯಿತು ರೀ," ಎಂದಳು.

ಅಯ್ಯೋ, ಕೂಗಿಬಿಡಬೇಕು ಅನಿಸಿತು ಅವನಿಗೆ. ನೆಲಕ್ಕೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಎರಡು ವರ್ಷದ ಹಗಲೆಲ್ಲ ಆ ನಾಲ್ಕರಲ್ಲಿ ಕೂತಿತ್ತು, ಮಗನ ಒಂದೇ ಒಂದು ಆಸೆ ಕೂತಿತ್ತು. ಆದರೆ ಈ ಹೆಂಗಸಿಗೆ ಇದು ಗೊತ್ತಾದರೆ, ತನ್ನ ಕೈಯಾರೆ ಅದನ್ನು ಕರಗಿಸಿದೆ ಎಂದು ತಿಳಿದರೆ, ಇನ್ನೊಮ್ಮೆ ಎದ್ದು ಕೂರುವಳೇ? ಮಗನನ್ನು ಕಳೆದದ್ದು ನಾನು ಎಂದು ಎರಡು ವರ್ಷ ಒಳಗೇ ಬೆಂದವನು ಅವನು. ಆ ಬೇಗೆ ಎಂಥದ್ದೆಂದು ಅವನಿಗೆ ಗೊತ್ತಿತ್ತು. ಅದನ್ನು ಅವಳಿಗೂ ದಾಟಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಚೆನ್ನಾಗಿ ಹೊಳೀತಿದೆ," ಎಂದ.

ಪೂಜೆ ಆಯಿತು. ಹಸಿ ಲೋಹಕ್ಕೆ ಅರಿಸಿನ, ಕುಂಕುಮ ಹಚ್ಚಿದರು, ಚೆಂಡುಹೂವಿನ ಮಾಲೆ ಹಾಕಿದರು. ಜಗನ್ನಾಥ ಮಂಗಳಾರತಿ ಎತ್ತಿದ. ಮನೋರಮಾ ಹಳೆಯ ಆರತಿ ಹಾಡೊಂದನ್ನು ಅರ್ಧದವರೆಗೆ ಹಾಡಿ, ಮುಂದೆ ನೆನಪಾಗದೆ ನಿಲ್ಲಿಸಿದಳು. ವೈಜಯಂತಿಯನ್ನು ಕರೆದು ಕೋಸಂಬರಿ ಕೊಟ್ಟಳು. ಇವು ನಮ್ಮ ಚರಣನ ಚಕ್ರ, ಸೋಮವಾರ ಸಾಹೇಬರು ನೋಡಲು ಬರುತ್ತಾರೆ ಎಂದು ಅವಳಿಗೆ ತೋರಿಸಿದಳು. ಜಗನ್ನಾಥ ಕೆಳಗೆ ಹೋಗಿ ಗೇಟಿನ ಮುಂದೆ ಕುಂಬಳಕಾಯಿ ಒಡೆದು ಬಂದ. ಮಧ್ಯಾಹ್ನದ ಹೊತ್ತಿಗೆ ಹೊಳಪೆಲ್ಲ ಇಳಿದು ಚಕ್ರಗಳು ಬೂದುಬಣ್ಣಕ್ಕೆ ತಿರುಗಿದವು. ಇದೇನು ಹೀಗಾಯಿತು ಎಂದು ಅವಳು ಕೇಳಿದಳು. ಅದು ಆ ಲೋಹದ ಗುಣ, ಗಾಳಿಗೆ ಹಾಗಾಗುತ್ತದೆ ಎಂದು ಹೇಳಿ ಅವನು ಕಾಗದ ಸುತ್ತಿಬಿಟ್ಟ.

ಭಾನುವಾರ ಬೆಳಿಗ್ಗೆಯೇ ಶೆಡ್ಡಿಗೆ ಒಯ್ದ. ಕಾಗದ ಬಿಚ್ಚಿದಾಗ ಮೂಲೆಮೂಲೆಗಳಲ್ಲಿ ಬಿಳಿ ಪುಡಿ ಎದ್ದಿತ್ತು. ನಾರಾಯಣಸ್ವಾಮಿ ಒಂದೊಂದನ್ನೂ ತಿರುಗಿಸಿ ನೋಡಿದ. ಯಾರು ಮಾಡಿದ್ದು ಇದನ್ನು ಎಂದು ಕೇಳಿದ. ನಾನೇ ತೊಳೆದೆ ಎಂದ ಜಗನ್ನಾಥ. ನೀನು ಇಂಥ ಕೆಲಸ ಮಾಡುವವನಲ್ಲ, ನಿಜ ಹೇಳು ಎಂದು ಗೆಳೆಯ ಹಿಡಿದು ಕೇಳಿದರೂ ಅವನದು ಅದೇ ಉತ್ತರ. ಇಬ್ಬರೂ ಸೇರಿ ತೊಳೆದರು, ಉಜ್ಜಿದರು, ಲೋಹ ಕಡೆಯುವ ಲೇತಿಗೆ ಕಟ್ಟಿ ಒಂದು ಪದರ ತೆಗೆದರು. ತೂತು ಇನ್ನೂ ಕೆಳಗಿತ್ತು, ಮತ್ತೊಂದು ಪದರ ತೆಗೆದರು. ಇನ್ನು ತೆಗೆದರೆ ಚಕ್ರವೇ ಉಳಿಯುವುದಿಲ್ಲ ಎಂಬಲ್ಲಿಗೆ ಬಂದು ನಿಂತರು. ನಾರಾಯಣಸ್ವಾಮಿ ಅಳತೆಯ ಸಾಧನವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ನನ್ನ ಹತ್ತಿರವೂ ಸುಳ್ಳು ಹೇಳಿದೆಯಲ್ಲ ಎಂದಷ್ಟೇ ಹೇಳಿದ. 

ಸೋಮವಾರ ಬಂದ ಇಂಜಿನಿಯರ್ ಒಳ್ಳೆಯ ಮನುಷ್ಯ. ಒಂದನ್ನು ಬೆಳಕಿಗೆ ಹಿಡಿದು ನೋಡಿ, ಪರೀಕ್ಷೆಯ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಗೋಡೆಯ ಮೇಲಿನ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಂತ. ಯಾರು ಬರೆದದ್ದು ಎಂದು ಕೇಳಿದ. ನನ್ನ ಮಗ ಎಂದ ಜಗನ್ನಾಥ. ಬಹಳ ಚೆನ್ನಾಗಿದೆ, ಅವನಿಗೆ ಹೇಳಿ ಎಂದು ಕೈ ಕುಲುಕಿ, ಚಹಾ ಕುಡಿದು, ವಿಮಾನ ನಿಲ್ದಾಣಕ್ಕೆ ಹೊರಟುಹೋದ. ಅವನ ಕಾರು ಗಲ್ಲಿ ತಿರುಗಿದ ಮೇಲೆ ನಾರಾಯಣಸ್ವಾಮಿ ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ತನ್ನ ಟಿಫಿನ್ ಡಬ್ಬಿ ತೆಗೆದುಕೊಂಡ. ನಾಳೆಯಿಂದ ಬರುವುದಿಲ್ಲ ಎಂದ.

ಜಗನ್ನಾಥ ಮನೆಗೆ ಬಂದಾಗ ಇನ್ನೂ ಎರಡು ಗಂಟೆ. ಮನೋರಮಾ ಊಟಕ್ಕೆ ಕಾದಿದ್ದಳು. ಹೊಸ ಸೀರೆಯಲ್ಲದಿದ್ದರೂ ಒಳ್ಳೆಯ ಸೀರೆ ಉಟ್ಟಿದ್ದಳು, ತಲೆಯಲ್ಲಿ ಶನಿವಾರದ ಮಾಲೆಯಿಂದ ಕಿತ್ತ ಒಂದು ಹೂವಿತ್ತು. ಅವನು ಕೈಕಾಲು ತೊಳೆದು ಕೂತ ಮೇಲೆ ಅನ್ನ ಬಡಿಸಿದಳು, ಸಾರು ಬಡಿಸಿದಳು, ಅವನು ಎರಡು ತುತ್ತು ತಿನ್ನುವವರೆಗೆ ತಡೆದಳು. ಸಾಹೇಬರು ಏನಂದರು ಎಂದು ಆಮೇಲೆ ಕೇಳಿದಳು.

ಬೇಡ ಅಂದರು ಎಂದ ಅವನು. ಶೆಡ್ಡೂ ಇನ್ನು ಇಲ್ಲ ಎಂದ.

ಯಾಕೆ ಎಂದಳು. ಸೌಟು ಕೈಯಲ್ಲೇ ಇತ್ತು.

ಬಸ್ಸಿನಲ್ಲಿ ಬರುವಾಗ ಇದಕ್ಕೆ ಉತ್ತರವನ್ನು ಅವನು ಸಿದ್ಧ ಮಾಡಿಕೊಂಡೇ ಬಂದಿದ್ದ. "ನನ್ನದೇ ತಪ್ಪು. ಲೋಹದ ಪಾಕದಲ್ಲೇ ದೋಷ ಇತ್ತು, ಒಳಗಿಂದ ತೂತು ಬಿದ್ದಿದೆ. ಸರಿಯಾಗಿದೆ ಅಂದುಕೊಂಡುಬಿಟ್ಟೆ, ಸರಿಯಾಗಿ ನೋಡಲಿಲ್ಲ."

ಮನೋರಮಾ ಸೌಟನ್ನು ಪಾತ್ರೆಗೆ ಇಳಿಬಿಟ್ಟಳು. ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ತುಂಬಾ ಸುಸ್ತಾದವರ ಹಾಗೆ ಇದ್ದಳು.

"ಟೈರೂ ಸರಿಯಾಗಿದೆ ಅಂದಿರಿ," ಎಂದಳು.

ಅವನ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಎರಡು ವರ್ಷ ಕಾದ ಮಾತು ಬಂದೇ ಬಂತು. ಇದು ಬಂದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದ. ಇಳಿಯಲಿಲ್ಲ. ಅವಳು ನಿಲ್ಲಿಸಲೂ ಇಲ್ಲ.

"ಅವನನ್ನೂ ಉಳಿಸಿಕೊಳ್ಳಲಿಲ್ಲ. ಅವನು ಬರೆದಿಟ್ಟದ್ದನ್ನೂ ಉಳಿಸಲಿಲ್ಲ ನೀವು."

ಹುಣಸೆಹಣ್ಣು ಎಂಬ ಒಂದು ಶಬ್ದ ಅವನ ಬಾಯಲ್ಲಿತ್ತು. ಒಂದೇ ಶಬ್ದ ಸಾಕಿತ್ತು. ಟೈರಿನದು ನನ್ನ ತಪ್ಪು, ಒಪ್ಪಿದೆ, ಎಂದೆಂದಿಗೂ ನನ್ನದೇ. ಆದರೆ ಇದು ನನ್ನದಲ್ಲ, ಇದೊಂದನ್ನಾದರೂ ನಾನು ಹಾಳು ಮಾಡಲಿಲ್ಲ ಮಾರಾಯ್ತಿ, ಎಂದು ಅವನ ಒಳಗೆಲ್ಲ ಕೂಗುತ್ತಿತ್ತು. ಮಗನಿಗಾಗಿ ಜೀವ ತೇದು ಮಾಡಿದ್ದು ಅದೊಂದೇ. ಅದೊಂದು ಅವಳ ಕಣ್ಣಲ್ಲಿ ತನ್ನದಾಗಿ ಉಳಿಯಲಿ ಎಂಬ ಆಸೆ ಅವನಿಗಿತ್ತು. ತಲೆ ಎತ್ತಿ ನೋಡಿದ. ಅವಳ ಎರಡೂ ಕೈ ಮೇಜಿನ ಮೇಲಿದ್ದವು, ಉಗುರುಸಂದಿಯಲ್ಲಿ ಹುಣಸೆಯ ಕಂದು ಇನ್ನೂ ಹಾಗೇ ಇತ್ತು.

"ಹೌದು," ಎಂದ ಜಗನ್ನಾಥ. "ನಾನು ಉಳಿಸಲಿಲ್ಲ."

ಆಗ ಮನೋರಮಾ ಅತ್ತಳು. ಆಸ್ಪತ್ರೆಯಲ್ಲಿ ಅಳದವಳು, ಸ್ಮಶಾನದಿಂದ ಅವನು ಬಂದಾಗ ಅಳದವಳು, ಈಗ ಎದುರುಮನೆಗೂ ಕೇಳುವ ಹಾಗೆ ಚರಣಾ ಚರಣಾ ಎಂದು ಬಾಯಿಬಿಟ್ಟು ಅತ್ತಳು. ಅವನು ಎಡಗೈ ಚಾಚಿ ಅವಳ ಭುಜ ಮುಟ್ಟಲು ಹೋದ. ಮುಟ್ಟಬೇಡಿ ಎಂದು ಅವಳು ಆ ಕೈಯನ್ನು ತಳ್ಳಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಕಲಸಿದ ಅನ್ನದ ಮುಂದೆ, ಅವಳು ಅತ್ತು ಮುಗಿಸುವವರೆಗೆ ಕೂತೇ ಇದ್ದ.